ನೆದರ್‌ಲ್ಯಾಂಡ್ಸ್‌ನಲ್ಲಿ ಮಾಸ್ಟರ್ಸ್: ಯೂನಿವರ್ಸಿಟಿಗೂ ಹೋಗೆಸ್ಖೋಲ್‌ಗೂ ನಿಜವಾಗಿ ಏನು ವ್ಯತ್ಯಾಸ?

ದಾವಣಗೆರೆ_ಮೆಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಟಿಯು ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಕೊನೇ ವರ್ಷದಲ್ಲಿದ್ದೇನೆ, ಸಿಜಿಪಿಎ 8.3. ಮುಂದಿನ ಸೆಪ್ಟೆಂಬರ್‌ಗೆ ನೆದರ್‌ಲ್ಯಾಂಡ್ಸ್‌ಗೆ ಮಾಸ್ಟರ್ಸ್‌ಗೆ ಹೋಗಬೇಕು ಅಂತ ಆಸೆ. ಜರ್ಮನಿ ಬಗ್ಗೆ ಕೇಳಿದರೆ ನಮ್ಮ ಕ್ಲಾಸಲ್ಲೇ ಹತ್ತು ಜನ ಹೇಳುತ್ತಾರೆ, ಈ ದೇಶದ ಬಗ್ಗೆ ಸರಿಯಾಗಿ ಗೊತ್ತಿರುವವರೇ ಸಿಗುತ್ತಿಲ್ಲ.

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋಗಿದ್ದೆ. ಡೆಲ್ಫ್ಟ್, ಐಂಡ್‌ಹೋವನ್ ಅಂದ ತಕ್ಷಣ ಅವರು ಮುಖ ಸಣ್ಣ ಮಾಡಿಕೊಂಡು, ಅದೆಲ್ಲ ಕಷ್ಟ, ಇಲ್ಲಿ ನೋಡಿ ಇನ್ನೊಂದು ಯೂನಿವರ್ಸಿಟಿ ಇದೆ, ಒಂದೇ ವರ್ಷದಲ್ಲಿ ಮಾಸ್ಟರ್ಸ್ ಮುಗಿಯುತ್ತೆ, ಫೀಸೂ ಕಮ್ಮಿ, ಸರ್ಕಾರದ ಮಾನ್ಯತೆಯೂ ಇದೆ ಅಂದರು. ಮನೆಗೆ ಬಂದು ಹುಡುಕಿದರೆ ಅದು ಯೂನಿವರ್ಸಿಟಿ ಆಫ್ ಅಪ್ಲೈಡ್ ಸೈನ್ಸಸ್, ಡಚ್ಚಲ್ಲಿ ಹೋಗೆಸ್ಖೋಲ್ ಅಂತ ಇದೆ. ಇದು ಬೇರೆ ಜಾತಿಯದಾ ಅಥವಾ ಹೆಸರು ಮಾತ್ರ ಬೇರೆನಾ? ನನಗೆ ಮುಂದೆ ಪಿಎಚ್‌ಡಿ ಮಾಡುವ ಯೋಚನೆಯೂ ಸ್ವಲ್ಪ ಇದೆ.

ಇನ್ನೊಂದು. ತಮ್ಮ ಸೆಕೆಂಡ್ ಪಿಯು, ಸೈನ್ಸ್. ಅವನು ನನಗಿಂತ ಮುಂದೆ, ಡೆಲ್ಫ್ಟ್‌ನಲ್ಲಿ ಏರೋಸ್ಪೇಸ್ ಬ್ಯಾಚುಲರ್ಸ್ ಮಾಡ್ತೀನಿ ಅಂತ ಕೂತಿದ್ದಾನೆ. ಅಪ್ಪ ಇಬ್ಬರನ್ನೂ ನೋಡಿ ಸುಮ್ಮನೆ ಎದ್ದು ಹೋದರು. ದುಡ್ಡಿನ ವಿಷಯವನ್ನೂ ಯಾರಾದರೂ ನೇರವಾಗಿ ಹೇಳಿ.

ಐಂಡ್‌ಹೋವನ್_ಕನ್ನಡಿಗ:

ಮೊದಲು ಆ ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ, ಮಿಕ್ಕಿದ್ದೆಲ್ಲ ಆಮೇಲೆ. ಈ ದೇಶದಲ್ಲಿ ಉನ್ನತ ಶಿಕ್ಷಣ ಎರಡು ದಾರಿಯಲ್ಲಿ ಹೋಗುತ್ತೆ, ಮತ್ತು ಅದು ಕಾಲೇಜಿಗೆ ಬರುವ ಮುಂಚೆಯೇ, ಹನ್ನೆರಡು ವರ್ಷದ ಮಕ್ಕಳಿದ್ದಾಗಲೇ ಶುರುವಾಗುತ್ತೆ. ಪ್ರೈಮರಿ ಮುಗಿಸಿದ ಮಕ್ಕಳನ್ನು ಬೇರೆ ಬೇರೆ ಹೈಸ್ಕೂಲ್ ದಾರಿಗೆ ಹಾಕುತ್ತಾರೆ. ಆರು ವರ್ಷದ್ದು ವಿಡಬ್ಲ್ಯೂಒ, ಅದು ಮುಗಿಸಿದವರು ಸಂಶೋಧನಾ ಯೂನಿವರ್ಸಿಟಿಗೆ ಹೋಗುತ್ತಾರೆ. ಐದು ವರ್ಷದ್ದು ಹಾವೊ, ಅದು ಮುಗಿಸಿದವರು ಹೋಗೆಸ್ಖೋಲ್‌ಗೆ ಹೋಗುತ್ತಾರೆ. ಇವುಗಳ ಆಚೆ ಕೈಕೆಲಸ, ತಾಂತ್ರಿಕ ತರಬೇತಿಯ ಎಂಬಿಒ ಅಂತ ಇದೆ, ನಮ್ಮ ಐಟಿಐ-ಡಿಪ್ಲೊಮಾ ಕಡೆಯದು, ಅದು ಇಲ್ಲಿ ಲೆಕ್ಕಕ್ಕೆ ಬೇಡ.

ಯೂನಿವರ್ಸಿಟಿ ಕಡೆಯದನ್ನು ಡಬ್ಲ್ಯೂಒ ಅನ್ನುತ್ತಾರೆ. ಲೈಡನ್ (1575ರದ್ದು, ದೇಶದಲ್ಲೇ ಹಳೇದು), ಗ್ರೋನಿಂಗನ್, ಉಟ್ರೆಕ್ಟ್, ಆಮ್‌ಸ್ಟರ್‌ಡ್ಯಾಮ್‌ನ ಎರಡು, ರಾಟರ್‌ಡ್ಯಾಮ್‌ನ ಎರಾಸ್ಮಸ್, ಮಾಸ್ಟ್ರಿಕ್ಟ್, ಟಿಲ್‌ಬರ್ಗ್, ನೈಮೇಗನ್‌ನ ರಾಡ್‌ಬೌಡ್, ಕೃಷಿ ಮತ್ತು ಆಹಾರಕ್ಕೆ ವಾಗೆನಿಂಗನ್, ಎಂಜಿನಿಯರಿಂಗ್‌ಗೆ ಡೆಲ್ಫ್ಟ್, ಐಂಡ್‌ಹೋವನ್, ಟ್ವೆಂಟೆ. ಇವಷ್ಟು ಬಿಟ್ಟರೆ ಒಂದು ಓಪನ್ ಯೂನಿವರ್ಸಿಟಿ, ಕೆಲವು ಸಣ್ಣ ಸಂಸ್ಥೆಗಳು, ಅಷ್ಟೇ. ಹೋಗೆಸ್ಖೋಲ್‌ಗಳು ಸಂಖ್ಯೆಯಲ್ಲೂ ಜಾಸ್ತಿ, ವಿದ್ಯಾರ್ಥಿಗಳೂ ಅಲ್ಲೇ ಜಾಸ್ತಿ. ಆ ಕಡೆಯದನ್ನು ಎಚ್‌ಬಿಒ ಅನ್ನುತ್ತಾರೆ. ಇಂಗ್ಲಿಷ್ ಹೆಸರಲ್ಲಿ ಎರಡಕ್ಕೂ ಯೂನಿವರ್ಸಿಟಿ ಅಂತ ಬರುವುದರಿಂದ ಕನ್ಸಲ್ಟೆನ್ಸಿಯವರಿಗೆ ಹಬ್ಬ.

ಡಬ್ಲ್ಯೂಒ ಬ್ಯಾಚುಲರ್ಸ್ 3 ವರ್ಷ, 180 ಕ್ರೆಡಿಟ್. ಎಚ್‌ಬಿಒ ಬ್ಯಾಚುಲರ್ಸ್ 4 ವರ್ಷ, 240 ಕ್ರೆಡಿಟ್, ಅದರಲ್ಲಿ ಕಂಪನಿಯಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಅನ್ನೋ ಹಾಗೇ. ನಾಲ್ಕು ವರ್ಷ ಇರೋದು ದೊಡ್ಡದು ಅಂತ ನಮ್ಮವರು ಅಂದ್ಕೊಳ್ತಾರೆ, ಇಲ್ಲಿ ಅದು ಉಲ್ಟಾ. 4 ವರ್ಷದ ಎಚ್‌ಬಿಒ ಮುಗಿಸಿದವನು ಡಬ್ಲ್ಯೂಒ ಮಾಸ್ಟರ್ಸ್‌ಗೆ ಹೋಗಬೇಕಾದರೆ ಸಾಮಾನ್ಯವಾಗಿ ಮಧ್ಯೆ ಪ್ರಿ-ಮಾಸ್ಟರ್ ಅಂತ ಒಂದು ಸೇತುವೆ ಕೋರ್ಸ್ ಮಾಡಬೇಕು, ಗಣಿತ ಮತ್ತು ಸಂಶೋಧನೆಯ ವಿಷಯಗಳನ್ನು ತುಂಬಿಸೋದಕ್ಕೆ.

ನಿಮ್ಮ ವಿಷಯಕ್ಕೆ ಬಂದರೆ, 4 ವರ್ಷದ ಬಿಇ ಇದ್ದವರು ಟೆಕ್ನಿಕಲ್ ಯೂನಿವರ್ಸಿಟಿಯ ಮಾಸ್ಟರ್ಸ್‌ಗೆ ನೇರವಾಗಿ ಅರ್ಜಿ ಹಾಕಬಹುದು. 8.3 ಕೆಟ್ಟ ಅಂಕ ಅಲ್ಲ. ಡೆಲ್ಫ್ಟ್, ಐಂಡ್‌ಹೋವನ್, ಟ್ವೆಂಟೆ ಮೂರರಲ್ಲೂ ಮೆಕ್ಯಾನಿಕಲ್ ಮಾಸ್ಟರ್ಸ್ 2 ವರ್ಷ, 120 ಕ್ರೆಡಿಟ್, ಪೂರ್ತಿ ಇಂಗ್ಲಿಷ್. ಒಂದು ವರ್ಷದ ಮಾಸ್ಟರ್ಸ್ ಡಬ್ಲ್ಯೂಒದಲ್ಲೂ ಇವೆ, ಆದರೆ ಅವು ಹೆಚ್ಚಾಗಿ ಬಿಸಿನೆಸ್, ಕಾನೂನು, ಸಮಾಜ ವಿಜ್ಞಾನದ ಕಡೆ. ಎಂಜಿನಿಯರಿಂಗ್ ಮಾಸ್ಟರ್ಸ್ ಒಂದೇ ವರ್ಷ ಅಂತ ಯಾರಾದರೂ ಹೇಳಿದರೆ ಅದು ಯಾವ ದಾರಿಯದು ಅಂತ ಮೊದಲು ಕೇಳಿ.

ಪಿಎಚ್‌ಡಿ ಯೋಚನೆ ಸ್ವಲ್ಪ ಇದ್ದರೂ ಹೋಗೆಸ್ಖೋಲ್ ಮಾಸ್ಟರ್ಸ್ ಬೇಡ. ಇಲ್ಲಿ ಪಿಎಚ್‌ಡಿ ಅಂದರೆ ಓದಲ್ಲ, ಕೆಲಸ. 4 ವರ್ಷದ ಕಾಂಟ್ರ್ಯಾಕ್ಟ್, ಸಂಬಳ, ರಜೆ, ಪಿಂಚಣಿ ಎಲ್ಲ ಇರುತ್ತೆ. ಹಾಗಾಗಿ ಒಂದೊಂದು ಜಾಗಕ್ಕೂ ಜಗತ್ತಿನ ಎಲ್ಲ ಕಡೆಯಿಂದ ಅರ್ಜಿ ಬೀಳುತ್ತೆ, ಪ್ರೊಫೆಸರು ಮೊದಲು ನೋಡೋದು ನಿಮ್ಮ ಮಾಸ್ಟರ್ಸ್ ಥೀಸಿಸ್. ಇಲ್ಲಿನ 2 ವರ್ಷದ ಎಂಜಿನಿಯರಿಂಗ್ ಮಾಸ್ಟರ್ಸ್‌ನಲ್ಲಿ ಕೊನೆಯ ಹೆಚ್ಚುಕಮ್ಮಿ ಒಂದು ವರ್ಷ ಥೀಸಿಸ್ಸು ಮತ್ತು ಇಂಟರ್ನ್‌ಶಿಪ್‌ಗೇ ಹೋಗೋದು.

ಸೈಕಲ್_ಗೌಡ:

ಮೇಲಿನವರು ಹೇಳಿದ್ದು ಸರಿ, ಆದರೆ ಆ ಧಾಟಿಗೆ ನನ್ನ ತಕರಾರಿದೆ. ನಾನು ಹೋಗೆಸ್ಖೋಲ್‌ನಲ್ಲೇ ಓದಿದವನು, ಆಟೊಮೋಟಿವ್. ಈಗ ಇಲ್ಲೇ ಕೆಲಸ. ನಮ್ಮ ಟೀಮಲ್ಲಿ ಎಚ್‌ಬಿಒ ಓದಿದವರೂ ಇದ್ದಾರೆ, ಡೆಲ್ಫ್ಟ್ ಓದಿದವರೂ ಇದ್ದಾರೆ, ಊಟದ ಟೇಬಲ್ಲಲ್ಲಿ ಯಾರೂ ಯಾರನ್ನೂ ಕೇಳಲ್ಲ. ಡಚ್ಚರಿಗೆ ಅದು ಮೇಲು-ಕೀಳು ಅಲ್ಲ, ಕನಿಷ್ಠ ಬಾಯಲ್ಲಿ ಹಾಗೆ ಹೇಳಲ್ಲ. ನರ್ಸಿಂಗ್, ಫಿಸಿಯೊಥೆರಪಿ, ಹೋಟೆಲ್ ಮ್ಯಾನೇಜ್‌ಮೆಂಟ್, ಡಿಸೈನ್, ಟೀಚರ್ ಟ್ರೈನಿಂಗ್, ಇಂಥವಕ್ಕೆ ಎಚ್‌ಬಿಒನೇ ಸರಿಯಾದ ಜಾಗ.

ಪಾಠವೂ ಬೇರೆ ತರ. ಸಣ್ಣ ಕ್ಲಾಸು, ಪ್ರಾಜೆಕ್ಟು, ನಿಜವಾದ ಕಂಪನಿಯ ನಿಜವಾದ ಸಮಸ್ಯೆ. ಮೇಷ್ಟ್ರಲ್ಲಿ ಎಷ್ಟೋ ಜನ ಇಂಡಸ್ಟ್ರಿಯಲ್ಲಿ ಕೆಲಸ ಮಾಡಿ ಬಂದವರು. ಪುಸ್ತಕ ಹಿಡಿದು ಥಿಯರಿ ಕುಟ್ಟೋದು ನನಗೆ ಬಿಇನಲ್ಲೇ ಸಾಕಾಗಿ ಹೋಗಿತ್ತು.

ಆದರೆ ದಾವಣಗೆರೆಯವರೇ, ನಿಮ್ಮ ಲೆಕ್ಕದಲ್ಲಿ ಹೋಗೆಸ್ಖೋಲ್ ಬೇಡ ಅನ್ನೋದಕ್ಕೆ ನನ್ನ ಓಟೂ ಇದೆ. ಪಿಎಚ್‌ಡಿ ಬೇಕು ಅಂದಿದ್ದೀರ, ಬಿಇ ಕೈಯಲ್ಲಿದೆ, ಅಂಕ ಇದೆ. ಅದು ಕಷ್ಟ ಅಂತ ಹೇಳಿದವರು ನಿಮ್ಮ ಅಂಕಪಟ್ಟಿ ನೋಡಿ ಹೇಳಿದರಾ, ಇಲ್ಲ ತಮ್ಮ ಕಮಿಷನ್ ಪಟ್ಟಿ ನೋಡಿ ಹೇಳಿದರಾ?

ಕನ್ಸಲ್ಟೆನ್ಸಿಯ ಅಗತ್ಯವೇ ಇಲ್ಲ. ಸ್ಟುಡೀಲಿಂಕ್ ಅನ್ನೋ ಇಡೀ ದೇಶಕ್ಕೆ ಒಂದೇ ಇರುವ ಪೋರ್ಟಲ್ಲಲ್ಲಿ ಹೆಸರು ನೋಂದಾಯಿಸಿ, ಅಲ್ಲಿಂದ ಆಯಾ ಯೂನಿವರ್ಸಿಟಿಯ ಪೋರ್ಟಲ್ಲಿಗೆ ಹೋಗಿ ಅಂಕಪಟ್ಟಿ, ಮೋಟಿವೇಶನ್ ಲೆಟರ್, ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕ ಹಾಕೋದು. ಐಇಎಲ್‌ಟಿಎಸ್ 6.5ರಿಂದ 7 ಇಟ್ಕೊಳ್ಳಿ. ಕೆಲವು ಕಡೆ 100 ಯೂರೋ ಅರ್ಜಿ ಶುಲ್ಕ ಇದೆ, ವಾಪಸ್ ಬರಲ್ಲ. ಕೊನೇ ದಿನಾಂಕ ಎಲ್ಲ ಕಡೆ ಒಂದೇ ಅಲ್ಲ. ನಮ್ಮಂಥ ಯುರೋಪಿನ ಹೊರಗಿನವರಿಗೆ ಬೇಗ ಮುಗಿಯುತ್ತೆ, ಕೆಲವು ಕಡೆ ಜನವರಿಯಲ್ಲೇ. ಸೈಟಲ್ಲಿ ಯುರೋಪಿನವರಿಗೆ ಬರೆದ ದಿನಾಂಕ ನೋಡಿ ಸಮಾಧಾನ ಮಾಡ್ಕೊಳ್ಳಬೇಡಿ.

ದಾವಣಗೆರೆ_ಮೆಕ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಂದರೆ ಹೋಗೆಸ್ಖೋಲ್ ಮೋಸ ಅಲ್ಲ, ನನಗೆ ಸರಿಯಾದ ಬಾಗಿಲಲ್ಲ. ಅರ್ಥ ಆಯ್ತು.

ಈಗ ದುಡ್ಡು. ಪಾರ್ಟ್ ಟೈಮ್ ಕೆಲಸ ಮಾಡಿ ಖರ್ಚು ತೂಗಿಸಬಹುದು ಅಂತ ಕನ್ಸಲ್ಟೆನ್ಸಿಯವರು ಬರೆದೇ ಕೊಟ್ಟಿದ್ದಾರೆ. ನಿಜಾನಾ?

ಮಂಡ್ಯ_ಟು_ಎನ್‌ಸ್ಖೆಡೆ:

ಇಲ್ಲ. ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಅಪ್ಪನಿಗೂ ತೋರಿಸಿ.

ಫೀಸಿಂದ ಶುರು ಮಾಡೋಣ. ಯುರೋಪಿಯನ್ ಯೂನಿಯನ್ನಿನ ಮಕ್ಕಳಿಗೆ ಸರ್ಕಾರ ನಿಗದಿ ಮಾಡಿದ ಫೀಸು, 2025-26ಕ್ಕೆ 2,601 ಯೂರೋ. ನಮಗೆ ಅದಲ್ಲ. ನಮಗೆ ಆಯಾ ಸಂಸ್ಥೆ ನಿಗದಿ ಮಾಡಿದ ಫೀಸು, ಟೆಕ್ನಿಕಲ್ ಮಾಸ್ಟರ್ಸ್ ಅಂದರೆ ವರ್ಷಕ್ಕೆ 20,000 ಯೂರೋ ಆಸುಪಾಸು, ಸ್ವಲ್ಪ ಆಚೆಗೂ ಹೋಗುತ್ತೆ. ಎರಡು ವರ್ಷ. ಯೂಟ್ಯೂಬಲ್ಲಿ ಡಚ್ ಫೀಸ್ ಬರೀ ಎರಡೂವರೆ ಸಾವಿರ ಅಂತ ಯಾರೋ ಹೇಳಿದರೆ ಅದು ಅವರ ಫೀಸು, ನಮ್ಮದಲ್ಲ.

ಊಟ, ಬಾಡಿಗೆ, ಇನ್ಶೂರೆನ್ಸ್‌ಗೆ ತಿಂಗಳಿಗೆ 1,100ಕ್ಕಿಂತ ಸ್ವಲ್ಪ ಜಾಸ್ತಿ ಇದೆ ಅಂತ ವಲಸೆ ಇಲಾಖೆಗೆ, ಅಂದರೆ ಐಎನ್‌ಡಿಗೆ, ತೋರಿಸಲೇಬೇಕು. ಪೂರ್ತಿ ವರ್ಷದ್ದು. ಇಲ್ಲಿ ಒಂದು ಒಳ್ಳೇ ವ್ಯವಸ್ಥೆ ಇದೆ: ವೀಸಾ ಅರ್ಜಿಯನ್ನ ನೀವು ಹಾಕಲ್ಲ, ಯೂನಿವರ್ಸಿಟಿಯೇ ನಿಮ್ಮ ಪರವಾಗಿ ಹಾಕುತ್ತೆ. ಖರ್ಚಿನ ದುಡ್ಡನ್ನ ಎಷ್ಟೋ ಕಡೆ ಯೂನಿವರ್ಸಿಟಿಯ ಖಾತೆಗೇ ಕಳಿಸಬೇಕು, ನೀವು ಬಂದು ಇಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ವಾಪಸ್ ಹಾಕುತ್ತಾರೆ. ಒಪ್ಪಿಗೆ ಬಂದ ಮೇಲೆ ಬೆಂಗಳೂರಲ್ಲೇ ಪಾಸ್‌ಪೋರ್ಟ್ ಕೊಟ್ಟು ಎಂವಿವಿ ಅನ್ನೋ ವೀಸಾ ಸ್ಟಿಕ್ಕರ್ ಹಾಕಿಸ್ಕೊಂಡು ವಿಮಾನ ಹತ್ತೋದು.

ಎಲ್ಲ ಸೇರಿ ಮೊದಲ ವರ್ಷಕ್ಕೇ 35 ಲಕ್ಷದ ಹತ್ತಿರ ಕೈಯಲ್ಲಿ ಇರಬೇಕು ಅಂತ ಇಟ್ಕೊಳ್ಳಿ, ಯೂರೋ ನೂರು ರೂಪಾಯಿ ಲೆಕ್ಕಕ್ಕೆ. ಎರಡನೇ ವರ್ಷದ ಫೀಸು ಮತ್ತೆ ಬೇರೆ.

ಪಾರ್ಟ್ ಟೈಮ್ ವಿಷಯ. ವಾರಕ್ಕೆ 16 ಗಂಟೆ, ಇಲ್ಲ ಅಂದರೆ ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಪೂರ್ತಿ, ಎರಡರಲ್ಲಿ ಒಂದು. ಅದಕ್ಕೂ ಮಾಲೀಕ ನಿಮ್ಮ ಹೆಸರಲ್ಲಿ ಕೆಲಸದ ಪರವಾನಗಿ ತಗೋಬೇಕು. ಆ ಪೇಪರ್ ತಾಪತ್ರಯ ನೋಡಿ ಕೆಫೆಯವರು ಯುರೋಪಿನ ಹುಡುಗರನ್ನೇ ತಗೋತಾರೆ, ಅವರಿಗೆ ಪರವಾನಗಿ ಬೇಡ ಅಲ್ವಾ. ಕೆಲಸ ಸಿಕ್ಕ ದಿನದಿಂದ ಡಚ್ ಆರೋಗ್ಯ ವಿಮೆ ಕಡ್ಡಾಯ, ಅದು ತಿಂಗಳಿಗೆ 150 ಯೂರೋ ಚಿಲ್ಲರೆ. ಅದರಲ್ಲಿ ದೊಡ್ಡ ಭಾಗ ಸರ್ಕಾರದ ಸಹಾಯಧನವಾಗಿ ವಾಪಸ್ ಪಡೀಬಹುದು, ಆದರೆ ಅರ್ಜಿ ನೀವೇ ಹಾಕಬೇಕು, ತಾನಾಗಿ ಬರಲ್ಲ. ಯೂನಿವರ್ಸಿಟಿಯಲ್ಲೇ ಟೀಚಿಂಗ್ ಅಸಿಸ್ಟೆಂಟ್ ಕೆಲಸ ಸಿಕ್ಕರೆ ಅದೇ ಬೆಸ್ಟು, ಪೇಪರ್ ಅವರೇ ಮಾಡ್ಕೋತಾರೆ. ಮೊದಲ ಕ್ವಾರ್ಟರ್‌ನಲ್ಲಿ ಚೆನ್ನಾಗಿ ಅಂಕ ತೆಗೆದರೆ ಕೇಳಿ ನೋಡಬಹುದು. ಹೇಗಿದ್ದರೂ ಅದು ತರಕಾರಿ ಖರ್ಚಿಗೆ, ಫೀಸಿಗಲ್ಲ. ಡಚ್ ಹುಡುಗರಿಗೆ ರೈಲು ಫ್ರೀ ಇರುತ್ತೆ, ಅದೂ ನಮಗಿಲ್ಲ.

ಸ್ಕಾಲರ್‌ಶಿಪ್: ಎನ್‌ಎಲ್ ಸ್ಕಾಲರ್‌ಶಿಪ್ ಅಂತ ಇದೆ, ಮೊದಲ ವರ್ಷಕ್ಕೆ ಒಂದೇ ಸಲ 5,000 ಯೂರೋ. ಡೆಲ್ಫ್ಟ್‌ನಲ್ಲಿ ಫಾನ್ ಎಫನ್ ಹೆಸರಿನದು, ಐಂಡ್‌ಹೋವನ್‌ನಲ್ಲಿ ಲುಂಡ್‌ಕ್ವಿಸ್ಟ್ ಹೆಸರಿನದು, ಇವು ದೊಡ್ಡವು, ಸಿಗೋದು ಕೈಬೆರಳೆಣಿಕೆ ಜನಕ್ಕೆ. ಎಸ್‌ಸಿ-ಎಸ್‌ಟಿ ವಿದ್ಯಾರ್ಥಿಗಳಾದರೆ ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಮತ್ತು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಎರಡನ್ನೂ ಕಣ್ಣು ಬಿಟ್ಟು ನೋಡಿ, ಅವು ನಿಜವಾಗಿ ಬದುಕು ಬದಲಾಯಿಸುವಷ್ಟು ದುಡ್ಡು.

ಮನೆ ಬಗ್ಗೆ ಬರೆಯದೇ ಇದ್ದರೆ ಪಾಪ ಬರುತ್ತೆ. ಈ ದೇಶದಲ್ಲಿ ಮನೆ ಇಲ್ಲ. ಅಡ್ಮಿಶನ್ ಸಿಗುತ್ತೆ, ವೀಸಾ ಸಿಗುತ್ತೆ, ರೂಮ್ ಸಿಗಲ್ಲ. ಆಗಸ್ಟ್ ಬಂದರೂ ರೂಮ್ ಸಿಗದಿದ್ದರೆ ಬರಲೇಬೇಡಿ ಅಂತ ಎಷ್ಟೋ ಯೂನಿವರ್ಸಿಟಿಗಳೇ ಹೇಳಿವೆ. ಆಫರ್ ಬಂದ ದಿನವೇ ಯೂನಿವರ್ಸಿಟಿಯ ಹೌಸಿಂಗ್ ಫಾರಂ ತುಂಬಿ. ನಮ್ಮ ಟ್ವೆಂಟೆಯಲ್ಲಿ ಕ್ಯಾಂಪಸ್ ಒಳಗೇ ವಿದ್ಯಾರ್ಥಿ ಮನೆಗಳಿವೆ. ಡೆಲ್ಫ್ಟ್, ಆಮ್‌ಸ್ಟರ್‌ಡ್ಯಾಮ್, ಉಟ್ರೆಕ್ಟ್‌ಗಿಂತ ಟ್ವೆಂಟೆ ಇರುವ ಊರು ಎನ್‌ಸ್ಖೆಡೆಯಲ್ಲಿ ಬಾಡಿಗೆಯೂ ಕಮ್ಮಿ. ಫೇಸ್‌ಬುಕ್ಕಲ್ಲಿ ಚೆಂದದ ಫೋಟೋ ಹಾಕಿ, ನಾನು ಈಗ ಲಂಡನ್ನಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿ, ಕೀ ಕೊರಿಯರ್ ಮಾಡ್ತೀನಿ ಅನ್ನುವವರಿಗೆ ಒಂದು ಸೆಂಟೂ ಕಳಿಸಬೇಡಿ. ನಮ್ಮ ಬ್ಯಾಚಿನ ಒಬ್ಬ ಹುಡುಗಿ ಹಾಗೆ ಎರಡು ತಿಂಗಳ ಬಾಡಿಗೆ ಕಳಕೊಂಡು ನಮ್ಮ ಅಡುಗೆಮನೆಯಲ್ಲಿ ಮಲಗಿದ್ದಳು. ಇನ್ನೊಂದು, ರೂಮಿನ ವಿಳಾಸದಲ್ಲಿ ನಗರಸಭೆ ನೋಂದಣಿ ಮಾಡಲು ಬಿಡ್ತಾರಾ ಅಂತ ಕೇಳಿ. ನೋಂದಣಿ ಇಲ್ಲ ಅಂದರೆ ಬಿಎಸ್‌ಎನ್ ನಂಬರಿಲ್ಲ (ನಮ್ಮ ಆಧಾರ್ ನಂಬರ್ ತರದ್ದು), ಆ ನಂಬರಿಲ್ಲದೆ ಬ್ಯಾಂಕು, ಸಂಬಳ, ಡಾಕ್ಟರು ಎಲ್ಲ ಕಗ್ಗಂಟು.

ಐಂಡ್‌ಹೋವನ್_ಕನ್ನಡಿಗ:

ನೋಂದಣಿ ಅಂದಾಗ ನೆನಪಾಯ್ತು, ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ನಡೆಯೋ ಹಾಗೆ ಹಾಕುವ ದೃಢೀಕರಣದ ಮುದ್ರೆ) ಮಾಡಿಸ್ಕೊಂಡೇ ಬನ್ನಿ. ನಮ್ಮ ಕರ್ನಾಟಕದ್ದು ಕನ್ನಡ-ಇಂಗ್ಲಿಷ್ ಎರಡರಲ್ಲೂ ಇರುತ್ತೆ, ಇಲ್ಲಿ ಇಂಗ್ಲಿಷ್ ನಡೆಯುತ್ತೆ, ಅನುವಾದ ಬೇಡ. ಆದರೆ ಅದರಲ್ಲಿರುವ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಂದೇ ಇರಬೇಕು. ಇನಿಷಿಯಲ್ ಬಿಡಿಸಿ ಬರೆಯೋದು, ಅಪ್ಪನ ಹೆಸರು ಹಿಂದೆ ಮುಂದೆ ಆಗೋದು, ನಮ್ಮ ಕಡೆಯವರಿಗೆಲ್ಲ ಇದೊಂದು ರೋಗ. ಊರಲ್ಲಿದ್ದಾಗಲೇ ಸರಿ ಮಾಡಿಸಿ.

ಓದಿನ ವೇಗದ ಬಗ್ಗೆಯೂ ಒಂದು ಮಾತು. ಒಂದು ಕ್ರೆಡಿಟ್ ಅಂದರೆ 28 ಗಂಟೆ ಕೆಲಸ, ವರ್ಷಕ್ಕೆ 60 ಕ್ರೆಡಿಟ್, ಅಂದರೆ 1,680 ಗಂಟೆ. ಟೆಕ್ನಿಕಲ್ ಯೂನಿವರ್ಸಿಟಿಗಳಲ್ಲಿ ವರ್ಷಕ್ಕೆ ನಾಲ್ಕು ಕ್ವಾರ್ಟರ್, ಪ್ರತಿ ಕ್ವಾರ್ಟರ್ ಹತ್ತು ವಾರದ ಆಸುಪಾಸು, ಕೊನೆಗೆ ಪರೀಕ್ಷೆ. ವಿಟಿಯು ತರ ಕೊನೇ ವಾರ ಹಳೇ ಪ್ರಶ್ನೆಪತ್ರಿಕೆ ಹಿಡಿದು ಕೂತರೆ ಆಗಲ್ಲ, ಕೂರೋ ಹೊತ್ತಿಗೆ ಕ್ವಾರ್ಟರೇ ಮುಗಿದಿರುತ್ತೆ. ಅಂಕ ಹತ್ತಕ್ಕೆ. 6 ಬಂದರೆ ಪಾಸು, 7 ಚೆನ್ನಾಗಿದೆ, 8 ತುಂಬಾ ಚೆನ್ನಾಗಿದೆ, 9 ಅಪರೂಪ, 10 ಕೊಡೋದೇ ಇಲ್ಲ ಅನ್ನಬಹುದು. ನಮ್ಮ ಮನೆಯಲ್ಲಿ 7 ಬಂತು ಅಂದಾಗ ಅಮ್ಮ, ಯಾಕಪ್ಪಾ ಹುಷಾರಿಲ್ವಾ ಅಂದಿದ್ದರು.

ನಮ್ಮಂಥ ವೀಸಾದವರು ವರ್ಷದ ಕ್ರೆಡಿಟ್ಟಲ್ಲಿ ಕನಿಷ್ಠ ಅರ್ಧ ದಾಟಲೇಬೇಕು. ಸರಿಯಾದ ಕಾರಣ ಇಲ್ಲದೆ ದಾಟದಿದ್ದರೆ ಯೂನಿವರ್ಸಿಟಿಯೇ ಐಎನ್‌ಡಿಗೆ ತಿಳಿಸುತ್ತೆ, ಪರ್ಮಿಟ್ಟಿಗೇ ಕುತ್ತು. ಆರೋಗ್ಯ, ಮನೆಯ ತೊಂದರೆ ಏನಾದರೂ ಇದ್ದರೆ ಸ್ಟಡಿ ಅಡ್ವೈಸರ್ ಹತ್ತಿರ ಬೇಗ ಹೋಗಿ ಹೇಳಿ. ಮುಚ್ಚಿಟ್ಕೊಂಡು ಕೂತವರೇ ಸಿಕ್ಕಿಹಾಕಿಕೊಳ್ಳೋದು.

ಪಿಯು_ಲೆಕ್ಚರರ್:

ತಮ್ಮನ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ನಮ್ಮ ಕಾಲೇಜಿನ ಮಕ್ಕಳೂ ಇದೇ ಕೇಳುತ್ತಿರುತ್ತಾರೆ.

ಡೆಲ್ಫ್ಟ್ ಏರೋಸ್ಪೇಸ್ ಬ್ಯಾಚುಲರ್ಸ್ ಇಂಗ್ಲಿಷಿನಲ್ಲೇ ಇದೆ, ಆದರೆ ಅದು ನ್ಯೂಮರಸ್ ಫಿಕ್ಸಸ್ ಕೋರ್ಸ್, ಅಂದರೆ ಸೀಟು ಇಷ್ಟೇ ಅಂತ ಮಿತಿ ಇದೆ. ಈಚಿನ ವರ್ಷಗಳಲ್ಲಿ 440. ಅದು ಇಡೀ ಜಗತ್ತಿನವರೆಲ್ಲ ಸೇರಿ. ಇಂಥ ಕೋರ್ಸುಗಳಿಗೆ ಜನವರಿ 15 ಕೊನೇ ದಿನ, ಅಂದರೆ ಅವನ ಬೋರ್ಡ್ ಪರೀಕ್ಷೆಗೂ ಮುಂಚೆ. ಆಮೇಲೆ ಅವರದೇ ಆಯ್ಕೆ ಪರೀಕ್ಷೆ, ಏಪ್ರಿಲ್ 15ಕ್ಕೆ ರ‍್ಯಾಂಕ್ ಬರುತ್ತೆ. ಸಿಇಟಿ, ಜೆಇಇ ರ‍್ಯಾಂಕ್‌ನ ಮೇಲೆ ಅಲ್ಲಿ ಸೀಟು ಕೊಡಲ್ಲ.

ಅದಕ್ಕಿಂತ ಮೊದಲ ಪ್ರಶ್ನೆ, ಅವನ ಪಿಯುಸಿ ಅಲ್ಲಿ ನಡೆಯುತ್ತಾ? ಮೇಲೆ ಹಾವೊ, ವಿಡಬ್ಲ್ಯೂಒ ಅಂದರಲ್ಲ, ನಮ್ಮ ಹನ್ನೆರಡನೇ ತರಗತಿಯನ್ನು ಎಷ್ಟೋ ಕಡೆ ಹಾವೊ ಮಟ್ಟಕ್ಕೆ ಇಡುತ್ತಾರೆ. ಹಾಗಾದಾಗ ಹೋಗೆಸ್ಖೋಲ್ ಬಾಗಿಲು ತೆರೆದಿರುತ್ತೆ, ಯೂನಿವರ್ಸಿಟಿ ಬಾಗಿಲಿಗೆ ಇನ್ನೇನಾದರೂ ಕೇಳುತ್ತಾರೆ: ಹೆಚ್ಚಿನ ಅಂಕ, ಗಣಿತ-ಫಿಸಿಕ್ಸ್ ಪರೀಕ್ಷೆ, ಇಲ್ಲವೇ ಇಲ್ಲೇ ಡಿಗ್ರಿಯಲ್ಲಿ ಒಂದು ವರ್ಷ. ಸಿಬಿಎಸ್‌ಇ, ಐಎಸ್‌ಸಿ, ಸ್ಟೇಟ್ ಬೋರ್ಡ್ ಮೂರನ್ನೂ ಒಂದೇ ತರ ನೋಡಲ್ಲ. ಪ್ರತಿ ಯೂನಿವರ್ಸಿಟಿ ಸೈಟಲ್ಲೂ ದೇಶವಾರು ಪಟ್ಟಿ ಇರುತ್ತೆ, ಇಂಡಿಯಾ ಸಾಲಲ್ಲಿ ಸ್ಟೇಟ್ ಬೋರ್ಡ್ ಬಗ್ಗೆ ಏನಿದೆ ನೋಡಿ. ಗೊಂದಲ ಆದರೆ ಅಡ್ಮಿಶನ್ ಆಫೀಸಿಗೆ ಇಮೇಲ್ ಹಾಕಿ.

ಒಳಗೆ ಸೇರಿದರೂ ಬ್ಯಾಚುಲರ್ಸ್‌ನಲ್ಲಿ ಮೊದಲ ವರ್ಷ ಕತ್ತಿ ತೂಗುತ್ತೆ. ಬಿಎಸ್‌ಎ ಅಂತಾರೆ. 60ರಲ್ಲಿ ಸಾಮಾನ್ಯವಾಗಿ 40-45 ಕ್ರೆಡಿಟ್ ತೆಗೆಯದಿದ್ದರೆ ಆ ಕೋರ್ಸಿಂದ ಹೊರಗೆ, ಅದೇ ಯೂನಿವರ್ಸಿಟಿಯ ಅದೇ ಕೋರ್ಸಿಗೆ ಕೆಲವು ವರ್ಷ ಮತ್ತೆ ಸೇರೋ ಹಾಗಿಲ್ಲ. ಡಚ್ ಮಕ್ಕಳಾದರೆ ಪಕ್ಕದೂರಿನ ಹೋಗೆಸ್ಖೋಲ್‌ಗೆ ಸೇರ್ಕೋತಾರೆ, ಅವರಿಗೆ ಅದು ಅಂಥಾ ಅವಮಾನ ಅಲ್ಲ. ಸಾಲ ಮಾಡಿ ಹೋದ ಹದಿನೆಂಟರ ಹುಡುಗನಿಗೆ ಅದು ಬೇರೆಯೇ ಕಥೆ. ಇನ್ನೂ ಒಂದು, ಇಂಗ್ಲಿಷ್ ಬ್ಯಾಚುಲರ್ಸ್ ಕೋರ್ಸುಗಳನ್ನು ಕಮ್ಮಿ ಮಾಡಬೇಕು ಅಂತ ಅಲ್ಲಿ ಕೆಲವು ವರ್ಷಗಳಿಂದ ರಾಜಕೀಯ ನಡೀತಿದೆ. ಮಾಸ್ಟರ್ಸ್‌ಗೆ ಅಷ್ಟು ಬಿಸಿ ತಟ್ಟಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಅವನು ಇಲ್ಲೇ ಬಿಇ ಮಾಡಿ ಮಾಸ್ಟರ್ಸ್‌ಗೆ ಹೋಗಲಿ. ಅಪ್ಪನಿಗೂ ಉಸಿರಾಡೋಕೆ ಟೈಮ್ ಸಿಗುತ್ತೆ.

ಸೈಕಲ್_ಗೌಡ:

ಸಾರ್ ಹೇಳಿದ್ದಕ್ಕೆ ಅರ್ಧ ಒಪ್ಪುತ್ತೇನೆ. ಹುಡುಗ ನಿಜವಾಗಿ ಗಣಿತದಲ್ಲಿ ಗಟ್ಟಿ ಇದ್ದರೆ, ದುಡ್ಡೂ ಇದ್ದರೆ, ಒಂದು ಅರ್ಜಿ ಹಾಕಿ ನೋಡೋದರಲ್ಲಿ ತಪ್ಪೇನಿಲ್ಲ. ಸೀಟು ಸಿಗದಿದ್ದರೆ ಸಿಇಟಿ ಇದ್ದೇ ಇದೆ. ಆದರೆ ಇಬ್ಬರಲ್ಲಿ ಒಬ್ಬರಿಗೇ ದುಡ್ಡು ಅಂತಾದರೆ ಅದು ಮಾಸ್ಟರ್ಸ್‌ಗೆ.

ದಾವಣಗೆರೆ_ಮೆಕ್:

ತಮ್ಮನಿಗೆ ಓದಿ ಹೇಳಿದೆ, ಬಿಎಸ್‌ಎ ಅಂದಾಗ ಸ್ವಲ್ಪ ತಣ್ಣಗಾದ. ಆದರೂ ಜನವರಿ 15 ಅಂತ ಗೋಡೆ ಮೇಲೆ ಬರೆದಿದ್ದಾನೆ.

ಕೊನೇ ಪ್ರಶ್ನೆ. ಓದು ಮುಗಿದ ಮೇಲೆ ಎಷ್ಟು ದಿನ ಇರಬಹುದು? ಡಚ್ ಭಾಷೆ ಇಲ್ಲದೆ ಕೆಲಸ ಸಿಗುತ್ತಾ? ಲೋನ್ ತೀರಿಸಬೇಕಲ್ಲ.

ಐಂಡ್‌ಹೋವನ್_ಕನ್ನಡಿಗ:

ಝೂಕ್‌ಯಾರ್ ಅಂತ ಒಂದು ವರ್ಷದ ಪರ್ಮಿಟ್ ಕೊಡುತ್ತಾರೆ, ಕೆಲಸ ಹುಡುಕೋದಕ್ಕೆ. ಡಿಗ್ರಿ ಮುಗಿದು ಮೂರು ವರ್ಷದ ಒಳಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು, ಊರಿಗೆ ಹೋಗಿ ಬಂದು ಕೂಡ. ಇದಕ್ಕೆ ಹೋಗೆಸ್ಖೋಲ್, ಯೂನಿವರ್ಸಿಟಿ ಅಂತ ಭೇದ ಇಲ್ಲ. ಆ ವರ್ಷ ಯಾವ ಕೆಲಸ ಬೇಕಾದರೂ ಮಾಡಬಹುದು, ಗಂಟೆಯ ಮಿತಿ ಇಲ್ಲ, ಮಾಲೀಕನಿಗೆ ಪರವಾನಗಿ ತಾಪತ್ರಯವೂ ಇಲ್ಲ. ಅದರ ಒಳಗೆ ನುರಿತ ವಲಸಿಗರ ಪರ್ಮಿಟ್‌ಗೆ ಅರ್ಜಿ ಹಾಕುವ ಅರ್ಹತೆ ಇರುವ ಕಂಪನಿಯಲ್ಲಿ ಕೆಲಸ ಹಿಡಿದರೆ, ಝೂಕ್‌ಯಾರ್ ಅರ್ಹತೆ ಇದ್ದವರಿಗೆ ಸಂಬಳದ ಮಿತಿಯೂ ಮಿಕ್ಕವರಿಗಿಂತ ಕಮ್ಮಿ. ಆ ಅರ್ಹ ಕಂಪನಿಗಳ ಪಟ್ಟಿ ಐಎನ್‌ಡಿ ಸೈಟಲ್ಲೇ ಇದೆ.

ಭಾಷೆ: ಮೆಕ್ಯಾನಿಕಲ್‌ನವರಿಗೆ ಈ ಕಡೆ ಪರವಾಗಿಲ್ಲ. ಪಕ್ಕದ ಫೆಲ್ಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರ ಮಾಡುವ ಎಎಸ್‌ಎಂಎಲ್ ಕಂಪನಿ ಇದೆ, ಅದಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಗಳು ಸುತ್ತ ಎಲ್ಲ ಇವೆ, ಕೆಲಸದ ಮಾತು ಹೆಚ್ಚಾಗಿ ಇಂಗ್ಲಿಷೇ. ಸಣ್ಣ ಕಂಪನಿ, ಸಿವಿಲ್, ಸರ್ಕಾರಿ ಕೆಲಸ, ಆಸ್ಪತ್ರೆ ಅಂದರೆ ಡಚ್ ಬೇಕೇ ಬೇಕು. ಎಷ್ಟೋ ಯೂನಿವರ್ಸಿಟಿಗಳಲ್ಲಿ ವಿದ್ಯಾರ್ಥಿಗಳಿಗೆ ಫ್ರೀಯಾಗಿ ಅಥವಾ ಕಮ್ಮಿ ಫೀಸಿಗೆ ಡಚ್ ಹೇಳಿಕೊಡುತ್ತಾರೆ, ಮೊದಲ ಕ್ವಾರ್ಟರ್‌ನಲ್ಲೇ ಸೇರಿ, ಥೀಸಿಸ್ ಶುರುವಾದ ಮೇಲೆ ಯಾರಿಗೂ ಟೈಮ್ ಸಿಗಲ್ಲ. ಇಂಟರ್ನ್‌ಶಿಪ್ಪನ್ನ ಕಂಪನಿಯಲ್ಲೇ ಮಾಡಿ, ನನ್ನ ಬ್ಯಾಚಲ್ಲಿ ಕೆಲಸ ಬೇಗ ಸಿಕ್ಕವರಲ್ಲಿ ಜಾಸ್ತಿ ಜನ ಹಾಗೇ ಒಳಗೆ ಹೋದವರು.

ಅರ್ಜಿಗೆ ಮೋಟಿವೇಶನ್ ಲೆಟರ್ ಬರೆದಾದ ಮೇಲೆ ಇಲ್ಲೇ ಹಾಕಿ, ಬಿಡುವಾದಾಗ ನೋಡ್ತೀನಿ. ಬಾಲ್ಯದಿಂದಲೂ ನನಗೆ ಯಂತ್ರಗಳೆಂದರೆ ಇಷ್ಟ ಅಂತ ಮಾತ್ರ ಶುರು ಮಾಡಬೇಡಿ.